ನಿರೀಕ್ಷಣಾ ಜಾಮೀನು

ನಮ್ಮ ಅರಸೀಕೆರೆ ಸೀಮೆಗೆ ಮಳೆಯ ಬರ ಉಂಟು, ಭವಿಷ್ಯದ ಬರ ಇಲ್ಲ. ಹಾರನಹಳ್ಳಿಯ ಕೋಡಿಮಠದ ಶ್ರೀಗಳು ಒಗಟಿನಂಥ ಒಂದು ಮಾತು ಆಡಿದರೆ ಸಾಕು, ಸಂಜೆಯೊಳಗೆ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಅದಕ್ಕೆ ಹಿನ್ನೆಲೆ ಸಂಗೀತ ಕೂಡಿರುತ್ತೆ. ಒಗಟು ಮಠದ್ದು, ಗ್ರಾಫಿಕ್ಸ್ ಚಾನೆಲ್ಲಿನದ್ದು. ಭೂಮಿ ಎರಡಾಗಿ ಸೀಳುತ್ತೆ, ಸಮುದ್ರ ಎದ್ದು ಬರುತ್ತೆ, ನಡುವೆ ಒಂದು ಸಿಮೆಂಟಿನ ಜಾಹೀರಾತು.

ಈ ರುಚಿ ಕನ್ನಡಕ್ಕೆ ಹೊಸದೇನಲ್ಲ. ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಕೊಡೇಕಲ್ಲಿನಿಂದ ಕೈವಾರದವರೆಗೆ ಕಾಲಜ್ಞಾನದ ಪರಂಪರೆಯೇ ಇದೆ. ಆದರೆ ಗೊರವಯ್ಯನ ಮಾತಿಗೆ ಒಂದು ಮಿತಿ ಇದೆ ನೋಡಿ. ಒಂದೇ ಸಾಲು ಹೇಳಿ ಇಳಿದುಬಿಡುತ್ತಾನೆ. ಅದನ್ನು ಹೊತ್ತುಕೊಂಡು ಊರಿಗೆ ಹೋಗುವ ರೈತರು ಮಳೆ ಹೆಂಗೆ, ಬೆಳೆ ಹೆಂಗೆ ಅಂತ ತಮ್ಮ ತಮ್ಮಲ್ಲೇ ಬಿಡಿಸಿಕೊಳ್ಳುತ್ತಾರೆ, ಆಮೇಲೆ ಬಿತ್ತನೆಗೆ ಅಣಿಯಾಗುತ್ತಾರೆ. ನಮ್ಮ ಚಾನೆಲ್ಲುಗಳು 2012ರ ಡಿಸೆಂಬರ್ 21ಕ್ಕೆ ಜಗತ್ತು ಮುಗಿಯುತ್ತೆ ಅಂತ ವಾರಗಟ್ಟಲೆ ಹೆದರಿಸಿ, 22ನೇ ತಾರೀಖು ಬೆಳಿಗ್ಗೆ ಎಂದಿನಂತೆ ರಾಶಿಭವಿಷ್ಯ ಓದಿದವು. ಜಗತ್ತೇ ಮುಗಿಯಬೇಕಿದ್ದ ಮಾರನೇ ದಿನ ವೃಷಭ ರಾಶಿಗೆ ಧನಲಾಭ!

ನಾನಿಲ್ಲಿ ಮಾತಾಡಬೇಕು ಅಂದುಕೊಂಡಿರುವುದು ಇದರ ಕ್ರೈಸ್ತ ಅವತರಣಿಕೆಯ ಬಗ್ಗೆ. ನಾನು ಕ್ರೈಸ್ತನಲ್ಲ, ಬರೀ ಓದುಗ. ಆಫೀಸಿನ ವಾಟ್ಸಾಪ್ ಗುಂಪುಗಳಲ್ಲಿರುವ ನಿಮಗೂ ಇದು ಗೊತ್ತಿರುತ್ತೆ. 2021ರಲ್ಲಿ ಕೋವಿಡ್ ಲಸಿಕೆಗೆ ಕ್ಯೂ ನಿಂತಿದ್ದಾಗ, ಲಸಿಕೆಯೊಳಗೆ ಚಿಪ್ ಇದೆ, ಅದೇ ಬೈಬಲಿನ ಕೊನೆಯ ಪುಸ್ತಕದಲ್ಲಿ ಹೇಳಿರುವ ಮೃಗದ ಗುರುತು, 666, ಅಂತ ಜಗತ್ತಿನಾದ್ಯಂತ ಸುತ್ತಿದ ಫಾರ್ವರ್ಡ್ ನನಗೂ ಬಂದಿತ್ತು. ಕಳಿಸಿದವಳು ನನ್ನ ಟೀಮಿನ ಹುಡುಗಿ. ಕೋಡ್ ರಿವ್ಯೂನಲ್ಲಿ ಒಂದು ಸೆಮಿಕೋಲನ್ನೂ ಬಿಡದೆ ಹಿಡಿಯುವವಳು. ತಮಾಷೆ ಮಾಡೋಣ ಅಂತ ಹೊರಟವನು ಸುಮ್ಮನಾದೆ, ಯಾಕಂದರೆ ಅವಳು ನಿಜಕ್ಕೂ ಹೆದರಿದ್ದಳು. ಅವಳ ಮನೆಯಲ್ಲಿ ಅದೇ ತಿಂಗಳು ಒಂದು ಸಾವಾಗಿತ್ತು.

ಆ ಹೆದರಿಕೆಗೆ ನನ್ನ ತಕರಾರಿಲ್ಲ. ಆ ಪುಸ್ತಕವನ್ನು ಹಾಗೆ ಓದಿಸಿದವರ ಮೇಲೆ ತಕರಾರಿದೆ. ಹಾಗಾಗಿ ಮೊದಲು ಪುಸ್ತಕದ ಬಗ್ಗೆ.

ಕನ್ನಡ ಬೈಬಲಿನಲ್ಲಿ ಅದರ ಹೆಸರು ‘ಪ್ರಕಟನೆ’. ಗ್ರೀಕಿನ ‘ಅಪೊಕಲಿಪ್ಸಿಸ್’ ಅನ್ನೋದಕ್ಕೆ ಮುಸುಕು ತೆಗೆಯುವುದು ಅಂತ ಅರ್ಥ. ಮುಚ್ಚಿದ್ದನ್ನು ತೆರೆದು ತೋರಿಸುವುದು. ಇಂಗ್ಲಿಷಿಗೆ ಹೋದ ಮೇಲೆ ಅದೇ ಪದ ಸರ್ವನಾಶದ ಅರ್ಥ ಪಡೆದುಕೊಂಡಿತು, ಹಾಲಿವುಡ್ಡು ಅದಕ್ಕೆ ಬಾಂಬು ಸೇರಿಸಿತು. ಈ ವಿಷಯದಲ್ಲಿ ಕನ್ನಡದ ಅನುವಾದಕರು ಮೂಲಕ್ಕೆ ಹತ್ತಿರ ಇದ್ದಾರೆ. ‘ಪ್ರಕಟನೆ’ ಅಂದಾಗ ನನಗೆ ‘ಪತ್ರಿಕಾ ಪ್ರಕಟಣೆ’ಯೇ ನೆನಪಾಗೋದು ನಿಜ, ಆದರೂ ನಾಶ ಅನ್ನುವ ಅರ್ಥವಂತೂ ಅದರೊಳಗಿಲ್ಲ.

ಮೊದಲನೇ ಶತಮಾನದ ಕೊನೆಯ ಹೊತ್ತಿಗೆ, ಪತ್ಮೋಸ್ ಅನ್ನುವ ದ್ವೀಪದಲ್ಲಿದ್ದ ಯೋಹಾನ ಅನ್ನುವವನು ಈಗಿನ ಟರ್ಕಿಯ ಏಳು ಊರುಗಳ ಸಣ್ಣ ಸಣ್ಣ ಸಭೆಗಳಿಗೆ ಬರೆದದ್ದು ಇದು. ಎಫೆಸ, ಸ್ಮುರ್ನ, ಪೆರ್ಗಮ, ಹೀಗೆ ಒಂದೊಂದು ಊರಿನ ಹೆಸರು ಹಿಡಿದು, ನಿಮ್ಮಲ್ಲಿ ಇದು ಸರಿ ಇದೆ, ಇದು ಸರಿ ಇಲ್ಲ ಅಂತ ಕಾಗದ ಬರೆದ ಹಾಗೆ ಶುರುವಾಗುತ್ತೆ. ಮೃಗ, ಘಟಸರ್ಪ, ನಾಲ್ಕು ಕುದುರೆ ಸವಾರರು, ಎಲ್ಲಾ ಬರೋದು ಆಮೇಲೆ. ಸಾಮ್ರಾಜ್ಯದ ಚಕ್ರವರ್ತಿಯನ್ನು ದೇವರು ಅಂತ ಪೂಜಿಸಿ ಅನ್ನುವ ರೋಮಿನ ಕಾಲದಲ್ಲಿ, ‘ರೋಮ್’ ಅಂತ ಬರೆಯಲಾಗದೆ ‘ಬಾಬಿಲೋನ್’ ಅಂತ ಬರೆದ ಪುಸ್ತಕ. ತುರ್ತು ಪರಿಸ್ಥಿತಿಯಲ್ಲಿ ನಮ್ಮವರು ಪುರಾಣದ ರಾಕ್ಷಸರ ಹೆಸರಲ್ಲಿ ಯಾರನ್ನೋ ಬೈಯುತ್ತಿದ್ದ ಹಾಗೆ. ಮೃಗದ ಸಂಖ್ಯೆ ನೀರೋ ಚಕ್ರವರ್ತಿಯ ಹೆಸರಿನ ಅಕ್ಷರಗಳ ಮೊತ್ತ ಅಂತ ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ಅಂದರೆ ಅವತ್ತಿನ ಓದುಗರಿಗೆ ಅರ್ಥವಾಗಲಿ ಅಂತ ಬರೆದ ಗುಟ್ಟು ಅದು. ಎರಡು ಸಾವಿರ ವರ್ಷ ಬಿಟ್ಟು ಬರುವ ಬಾರ್‌ಕೋಡ್, ಆಧಾರ್, ಲಸಿಕೆಗೆ ಬರೆದಿಟ್ಟದ್ದಲ್ಲ.

ಪುಸ್ತಕದ ಕೊನೆ ಇನ್ನೂ ವಿಚಿತ್ರವಾಗಿದೆ. ಒಳ್ಳೆಯವರು ಭೂಮಿ ಬಿಟ್ಟು ಮೇಲಕ್ಕೆ ಹಾರಿಹೋಗುವುದಿಲ್ಲ. ಊರೇ ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತೆ. ಅದರ ಬಾಗಿಲುಗಳು ಯಾವತ್ತೂ ಮುಚ್ಚುವುದಿಲ್ಲ. ಒಂದು ಹೊಳೆ, ಹೊಳೆಯ ಎರಡೂ ದಡಕ್ಕೆ ಮರ, ಆ ಮರದ ಎಲೆ ಜನಾಂಗಗಳಿಗೆ ಔಷಧಿ. ಬೇಲೂರು, ಹಳೇಬೀಡಿನ ನಡುವೆ ಬೆಳೆದ ನನ್ನಂಥವನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿವರ. ಆ ಊರಲ್ಲಿ ದೇವಸ್ಥಾನ ಇಲ್ಲ. ದೇವರೇ ಜನರ ನಡುವೆ ಇರುವುದರಿಂದ ಅದರ ಅಗತ್ಯ ಬೀಳುವುದಿಲ್ಲವಂತೆ. ಒಂದು ಧರ್ಮಗ್ರಂಥ ತನ್ನ ಕಟ್ಟಕಡೆಯ ಪುಟಗಳಲ್ಲಿ ದೇವಾಲಯವೇ ಬೇಡದ ಊರನ್ನು ಕನಸಿಬಿಟ್ಟಿದೆ!

ಹಾಗಾದರೆ ‘ಸಭೆ ಎತ್ತಲ್ಪಡುವುದು’ ಅಂತ ಯೂಟ್ಯೂಬ್ ಬೋಧಕರು ಹೇಳುವ ಕಥೆ ಎಲ್ಲಿಂದ ಬಂತು? ನಂಬಿದವರನ್ನೆಲ್ಲ ದೇವರು ಮೊದಲೇ ಗುಟ್ಟಾಗಿ ಮೇಲಕ್ಕೆ ಕರೆಸಿಕೊಳ್ಳುತ್ತಾನೆ, ಉಳಿದವರು ಕೆಳಗೆ ನರಳುತ್ತಾರೆ ಅನ್ನುವ ಈ ಕ್ರಮಬದ್ಧ ವೇಳಾಪಟ್ಟಿಯನ್ನು ಹರಡಿದ್ದು ಜಾನ್ ನೆಲ್ಸನ್ ಡಾರ್ಬಿ ಅನ್ನುವ ಬೋಧಕ, 1830ರ ದಶಕದಲ್ಲಿ. ಬಳ್ಳಾರಿಯ ಮಿಷನರಿಗಳ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ ಮೊದಲ ಸಲ ಬಂದದ್ದು 1831ರಲ್ಲಿ. ಅಂದರೆ ಆ ವೇಳಾಪಟ್ಟಿಗೆ ಕನ್ನಡ ಬೈಬಲಿನಷ್ಟೇ ವಯಸ್ಸು. 1909ರಲ್ಲಿ ಅಮೆರಿಕದ ಸ್ಕೋಫೀಲ್ಡ್ ಬೈಬಲ್ ಅದನ್ನು ಅಡಿಟಿಪ್ಪಣಿಗಳಲ್ಲಿ ಸೇರಿಸಿಕೊಂಡಿತು, 1995ರಿಂದ ‘ಲೆಫ್ಟ್ ಬಿಹೈಂಡ್’ ಕಾದಂಬರಿಗಳು ಲಕ್ಷಗಟ್ಟಲೆ ಮಾರಾಟವಾದವು. ದಿನಾಂಕ ಹೇಳಿದವರೂ ಇದ್ದಾರೆ. 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತ ಬರುತ್ತಾನೆ ಅಂತ ನಂಬಿ ಕಾದಿದ್ದ ವಿಲಿಯಂ ಮಿಲ್ಲರನ ಅನುಯಾಯಿಗಳ ಆ ರಾತ್ರಿಗೆ ಇತಿಹಾಸದಲ್ಲಿ ‘ಮಹಾ ನಿರಾಶೆ’ ಅಂತಲೇ ಹೆಸರು. 2011ರಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಮೇ 21 ಅಂದರು, ಆಗಲಿಲ್ಲ, ಅಕ್ಟೋಬರ್ 21 ಅಂದರು. ನಮ್ಮ ಪ್ರಾಜೆಕ್ಟುಗಳ ಡೆಡ್‌ಲೈನಿನ ಹಾಗೇ.

ಕೋರ್ಟಿನ ಕನ್ನಡದಲ್ಲಿ ಒಂದು ಚಂದದ ಮಾತಿದೆ: ನಿರೀಕ್ಷಣಾ ಜಾಮೀನು. ಬಂಧನ ಆಗಬಹುದು ಅನ್ನುವ ಭಯ ಬಂದಾಗ ಮೊದಲೇ ತೆಗೆದಿಟ್ಟುಕೊಳ್ಳುವ ಜಾಮೀನು. ಎತ್ತಲ್ಪಡುವ ಕಥೆ ನನಗೆ ಹಾಗೇ ಕಾಣುತ್ತೆ. ಜಗತ್ತಿನ ಮೇಲೆ ಏನು ಕೇಸು ಬಿದ್ದರೂ ನನ್ನ ಹೆಸರು ಪಟ್ಟಿಯಲ್ಲಿ ಬಾರದಿರಲಿ. ಇದರಲ್ಲಿ ಭಯ ಇದೆ, ಜಾಣತನವೂ ಇದೆ. ನೆರೆಮನೆಯವರು ಏನಾದರು ಅನ್ನುವ ಪ್ರಶ್ನೆ ಮಾತ್ರ ಇಲ್ಲ.

ಕುತೂಹಲದ ಸಂಗತಿ ಅಂದರೆ ಕನ್ನಡ ಬೈಬಲಿನವರು ಇಂಗ್ಲಿಷಿನ ‘ಹೋಪ್’ ಅನ್ನುವುದಕ್ಕೆ ಆರಿಸಿಕೊಂಡದ್ದು ಇದೇ ಪದವನ್ನು: ನಿರೀಕ್ಷೆ. ನಾವು ನೀವು ಬಳಸುವ ನಿರೀಕ್ಷೆ ಬಹಳ ಸಪ್ಪೆ. ಅಪ್ರೈಸಲ್‌ನಲ್ಲಿ ನಿರೀಕ್ಷೆ, ಷೇರು ಪೇಟೆಯಲ್ಲಿ ನಿರೀಕ್ಷೆ, ಹವಾಮಾನ ಇಲಾಖೆಯ ನಿರೀಕ್ಷೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಹುಬ್ಬಳ್ಳಿ ಕಡೆಯ ಗಾಡಿಗೋ ಹಾಸನದ ಗಾಡಿಗೋ ಕಾಯುವ ಜಾಗಕ್ಕೂ ರೈಲ್ವೆಯ ಕನ್ನಡದಲ್ಲಿ ನಿರೀಕ್ಷಣಾ ಕೊಠಡಿ ಅಂತಲೇ ಹೆಸರು. ಅದಕ್ಕೇ ನನಗೆ ಮೊದಮೊದಲು ಈ ಅನುವಾದ ಹಿಡಿಸಿರಲಿಲ್ಲ. ‘ಭರವಸೆ’ ಅನ್ನಬಹುದಿತ್ತಲ್ಲ ಅಂತ. ಆದರೆ ಭರವಸೆ ಯಾರೋ ಕೊಡುವಂಥದ್ದು, ಚುನಾವಣೆ ಹೊತ್ತಿಗೆ ಹೇರಳವಾಗಿ ಸಿಗುತ್ತೆ. ನಿರೀಕ್ಷೆ ನಾವು ಮಾಡುವಂಥದ್ದು. ಅದರೊಳಗೆ ‘ಈಕ್ಷ್’ ಇದೆ, ನೋಡುವುದು. ಮನೆಯಿಂದ ಹೊರಟವರು ಇನ್ನೂ ಬರಲಿಲ್ಲ ಅಂತ ಹೊಸ್ತಿಲಲ್ಲಿ ನಿಂತು ದಾರಿ ನೋಡುವುದು. ದಾರಿ ನೋಡುವವರು ದೀಪ ಹಚ್ಚಿಟ್ಟಿರುತ್ತಾರೆ, ಅಡುಗೆ ಬಿಸಿ ಇಟ್ಟಿರುತ್ತಾರೆ. ಇನ್ನೇನು ಎಲ್ಲ ಮುಗಿಯುತ್ತಲ್ಲ ಅಂತ ಕೆಲಸ ಬಿಟ್ಟು ಕೂತಿದ್ದವರು ಕ್ರಿಸ್ತಶಕದ ಆರಂಭದ ಥೆಸಲೋನಿಕದಲ್ಲೂ ಇದ್ದರಂತೆ ಅಂತ ಒಂದು ಓದು ಇದೆ. ದುಡಿಯಲೊಲ್ಲದವನು ಉಣ್ಣಲೂ ಬಾರದು ಅನ್ನುವ ಖಡಕ್ ಮಾತು ಬೈಬಲಿನಲ್ಲಿ ಬರುವುದು ಆ ಊರಿನವರಿಗೆ ಬರೆದ ಕಾಗದದಲ್ಲೇ.

ಸರಿ, ಪುಸ್ತಕ ಆಯಿತು. ನಮ್ಮ ಜಿಲ್ಲೆಯಲ್ಲಿ ಈ ನಿರೀಕ್ಷೆಗೆ ಒಂದು ವಿಳಾಸವೂ ಇದೆ. ನಿಮ್ಮಲ್ಲಿ ಅರ್ಧ ಜನ ಅಲ್ಲಿ ಫೋಟೋ ತೆಗೆಸಿಕೊಂಡಿರುತ್ತೀರಿ.

ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಶೆಟ್ಟಿಹಳ್ಳಿ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಡದಲ್ಲಿ ಕಟ್ಟಿಸಿದ ರೋಸರಿ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಸುತ್ತಲಿನ ಹಳ್ಳಿಗಳ ಜನ ಗಂಟುಮೂಟೆ ಕಟ್ಟಿದರು, ಚರ್ಚು ನಿಂತಲ್ಲೇ ನಿಂತಿತು. ಅಂದಿನಿಂದ ಮಳೆಗಾಲದಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಏಳುತ್ತೆ. ಚಾವಣಿ ಇಲ್ಲ, ಕಮಾನುಗಳಿವೆ. ಇತ್ತೀಚಿನ ಮಳೆಗಾಲಗಳಲ್ಲಿ ಅವೂ ಅಲ್ಲಲ್ಲಿ ಕುಸಿದಿವೆ.

ಇನ್‌ಸ್ಟಾಗ್ರಾಮಿನಲ್ಲಿ ಇದರ ಫೋಟೋಗಳನ್ನು ಒಟ್ಟಿಗೆ ಇಟ್ಟು ನೋಡಿ. ಮೋಡ, ನೀರು, ಕಮಾನು, ದೋಣಿ, ಡ್ರೋನು. ಪ್ರೀ-ವೆಡ್ಡಿಂಗ್ ಶೂಟುಗಳೂ ಬೇಕಾದಷ್ಟು. ಪ್ರಳಯದ ಆಮೇಲಿನ ಲೋಕದಂತಿದೆ ಅಂತ ಒಕ್ಕಣೆ. ಚಿತ್ರಗಳು ಚೆನ್ನಾಗೇ ಇವೆ, ಸುಳ್ಳು ಹೇಳಬಾರದು. ನನಗೆ ಕಿರಿಕಿರಿ ಆಗೋದು ಇಷ್ಟಕ್ಕೆ: ಆ ಚಿತ್ರಗಳಲ್ಲಿ ಯಾರೂ ಊರು ಬಿಟ್ಟಿಲ್ಲ. ನೀರು ತಾನಾಗಿ ಬಂದಿದೆ, ಪ್ರಕೃತಿ ಬಂದು ನುಂಗಿದೆ ಅನ್ನುವ ಹಾಗೆ. ನಿಜ ಏನಂದರೆ ಅದು ನೀರಾವರಿ ಯೋಜನೆ. ಕಡತ, ಸರ್ವೆ, ಪರಿಹಾರದ ಲೆಕ್ಕ ಎಲ್ಲಾ ಇದ್ದ ಪ್ರಳಯ. ಆ ನೀರು ಹಾಸನ, ಮಂಡ್ಯ, ತುಮಕೂರಿನ ಹೊಲಗಳಿಗೆ ಹೋಗುತ್ತೆ. ಹೊಳೆಗೆ ಬಿಟ್ಟದ್ದು ಕೆಆರ್‌ಎಸ್‌ನಲ್ಲಿ ಕಾವೇರಿಯನ್ನು ಸೇರುತ್ತೆ, ಕಾವೇರಿ ತೊರೆಕಾಡನಹಳ್ಳಿಯ ಪಂಪುಗಳನ್ನು ಹಾದು ಬೆಂಗಳೂರಿಗೆ ಬರುತ್ತೆ. ಶೆಟ್ಟಿಹಳ್ಳಿಯ ಕಮಾನುಗಳನ್ನು ತೊಳೆದ ನೀರು ಸ್ವಲ್ಪವಾದರೂ ನಮ್ಮ ಅಪಾರ್ಟ್‌ಮೆಂಟಿನ ಸಂಪಿಗೆ ಬಿದ್ದಿದೆ. ಅಣೆಕಟ್ಟು ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ, ನಮ್ಮಂಥ ಬಯಲುಸೀಮೆಯವನ ಬಾಯಲ್ಲಿ ಆ ಮಾತು ಬರಲ್ಲ. ಒಂದು ಲೋಕ ಮುಗಿದು ಇನ್ನೊಂದಕ್ಕೆ ನೀರು ಸಿಕ್ಕಿತು, ಮುಗಿದವರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಅಂತಷ್ಟೇ. ಹೇಮಾವತಿ ಸಂತ್ರಸ್ತರಿಗೆ ಅಂತ ಇಟ್ಟ ಜಮೀನು ಯಾರ್ಯಾರದೋ ಪಾಲಾಯಿತು ಅನ್ನುವ ದೂರು ಹಾಸನದ ರಾಜಕೀಯದಲ್ಲಿ ಇಂದಿಗೂ ಕೇಳಿಬರುತ್ತೆ.

ಈ ಸೀಮೆಯಲ್ಲಿ ಲೋಕ ಮುಗಿಯುವುದು ಇದೇ ಮೊದಲೂ ಅಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂತು, ಆಮೇಲೆ ತುಘಲಕರದ್ದು. ಹೊಯ್ಸಳರ ರಾಜಧಾನಿಗೆ ಊರಿನ ಹೆಸರಲ್ಲೇ ‘ಹಳೇ’ ಅಂತ ಸೇರಿಹೋಯಿತು. ಆದರೂ ಹಳೇಬೀಡಿನಲ್ಲಿ ಜನ ಇದ್ದಾರೆ, ಆಲೂಗೆಡ್ಡೆ ಬೆಳೆಯುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಜಗಳ ಆಡುತ್ತಾರೆ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದರು. ಪ್ರಳಯದ ಮಾರನೇ ದಿನದ ಬದುಕು ಹೇಗಿರುತ್ತೆ ಅಂತ ನೋಡಬೇಕಾದರೆ ಸಿನಿಮಾಕ್ಕೆ ಹೋಗಬೇಕಿಲ್ಲ.

ಫ್ರೆಂಚ್ ಪಾದ್ರಿಗಳು ಅಂದೆ. ಅವರಿಗಿಂತ ಮೊದಲು ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಆಬೆ ದುಬಾಯ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದವನು. ನಮ್ಮವರ ಹಾಗೇ ಉಟ್ಟು, ನಮ್ಮವರ ಹಾಗೇ ಉಂಡು, ಕ್ರೈಸ್ತ ಬೇಸಾಯಗಾರರಿಗೆ ನೆಲೆ ಮಾಡಿಕೊಟ್ಟವನು. ಭಾರತದಲ್ಲಿ ಮೂರು ದಶಕ ದುಡಿದು 1823ರಲ್ಲಿ ವಾಪಸು ಹೋಗುವಾಗ ಅವನು ಪ್ರಕಟಿಸಿದ ಪತ್ರಗಳ ತಾತ್ಪರ್ಯ ಇಷ್ಟೇ: ಇಲ್ಲಿನ ಹಿಂದೂಗಳನ್ನು ಮತಾಂತರ ಮಾಡುವುದು ಆಗದ ಕೆಲಸ. ಮಿಷನರಿಯೊಬ್ಬ ಕೈಚೆಲ್ಲಿ ಬರೆದ ವರದಿ ಅದು. ಇದೇ ಮನುಷ್ಯ 1803-04ರಲ್ಲಿ ಸಿಡುಬಿನ ಲಸಿಕೆ ಹಿಡಿದು ಊರೂರು ತಿರುಗಿ, ಕೆಲವೇ ತಿಂಗಳಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ಹಾಕಿಸಿದ್ದ. ನಮ್ಮ ಕಡೆಗೆ ಲಸಿಕೆ ತಂದವರಲ್ಲಿ ಒಬ್ಬ ಪಾದ್ರಿ! ಆ ಫಾರ್ವರ್ಡ್ ಕಳಿಸಿದವಳಿಗೆ ನಾನು ಹೇಳಿದ್ದು ಇದೊಂದೇ ವಿಷಯ. ಅವಳು ಉತ್ತರವಾಗಿ ಬರೀ ಒಂದು ಚುಕ್ಕೆ ಕಳಿಸಿದಳು, ಆದರೆ ಮಾರನೇ ವಾರ ಲಸಿಕೆ ಹಾಕಿಸಿಕೊಂಡಳು. ನನ್ನ ಮಾತಿಂದಲೇ ಅಂತ ಹೇಳಲಾರೆ, ಆಫೀಸಿನವರು ಕಡ್ಡಾಯ ಮಾಡಿದ್ದರು.

ದುಬಾಯ್‌ಗೆ ಫಲದ ಲೆಕ್ಕಾಚಾರ ಕೈಕೊಟ್ಟಿತ್ತು, ಕೆಲಸ ಕೈಕೊಟ್ಟಿರಲಿಲ್ಲ. ಈ ಎರಡರ ನಡುವಿನ ಸಂದಿಯಲ್ಲೇ ಕ್ರೈಸ್ತರು ಹೇಳುವ ನಿರೀಕ್ಷೆ ಇರೋದು ಅಂತ ನನ್ನ ಅಂದಾಜು. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಬ್ರಿಟನ್ನಿನ ಶಿಬಿರಗಳಲ್ಲಿ ಕೂತಿದ್ದ ಜರ್ಮನ್ ಹುಡುಗ ಯೂರ್ಗನ್ ಮೊಲ್ಟ್‌ಮನ್, ಮುಂದೆ 1964ರಲ್ಲಿ ಬರೆದ ‘ನಿರೀಕ್ಷೆಯ ದೈವಶಾಸ್ತ್ರ’ದಲ್ಲಿ ಅಂತ್ಯಕಾಲದ ಮಾತನ್ನು ಧರ್ಮದ ಹಿಂಬದಿಯ ಕೋಣೆಯಿಂದ ಎತ್ತಿ ಮುಂಬಾಗಿಲಿಗೆ ತಂದಿಟ್ಟ. ಬರಬೇಕಾದ ಲೋಕದ ಮೇಲೆ ನಿಜಕ್ಕೂ ಕಣ್ಣಿಟ್ಟವನಿಗೆ ಇರುವ ಲೋಕದ ಅನ್ಯಾಯ ಸಹಿಸುವುದು ಸುಲಭವಾಗುವುದಿಲ್ಲ, ಕಷ್ಟವಾಗುತ್ತೆ ಅನ್ನುವುದು ಅವನ ವಾದದ ತಿರುಳು. ‘ಪ್ರಕಟನೆ’ಯಲ್ಲೂ ಕೊಲೆಯಾದವರು ಸಮಾಧಾನದಿಂದ ಕೂತಿಲ್ಲ. ಇನ್ನೂ ಎಷ್ಟು ದಿನ ಅಂತ ದೇವರನ್ನೇ ಕೇಳುತ್ತಾರೆ. ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ನಿಂತು ಇನ್ನೆಷ್ಟು ದಿನ ಅಲೆಸ್ತೀರಾ ಸ್ವಾಮಿ ಅಂತ ಕೇಳುವ ದನಿ ಅದು.

ಈ ದನಿ ಕನ್ನಡದಲ್ಲಿ ನನಗೆ ಸಿಕ್ಕಿದ್ದು ಯಾವ ಪ್ರವಚನದಲ್ಲೂ ಅಲ್ಲ, ನಾ. ಡಿಸೋಜಾ ಅವರ ಬರಹದಲ್ಲಿ. ಸಾಗರದ ಕ್ರೈಸ್ತ ಮನೆತನದವರು, ಲೋಕೋಪಯೋಗಿ ಇಲಾಖೆಯಲ್ಲಿದ್ದು ಶರಾವತಿ ಯೋಜನೆಯನ್ನು ಒಳಗಿನಿಂದ ಕಂಡವರು, 2025ರ ಜನವರಿಯಲ್ಲಿ ತೀರಿಕೊಂಡರು. ‘ಮುಳುಗಡೆ’, ‘ಒಡ್ಡು’, ‘ದ್ವೀಪ’ ಅಂತ ಅಣೆಕಟ್ಟಿನ ಹಿನ್ನೀರಿನ ಬದುಕನ್ನೇ ಮತ್ತೆ ಮತ್ತೆ ಬರೆದರು. ನಮ್ಮ ವಿಮರ್ಶೆ ಇದನ್ನೆಲ್ಲ ‘ಪರಿಸರ ಸಾಹಿತ್ಯ’ ಅನ್ನುವ ಕಪಾಟಿನಲ್ಲಿಟ್ಟು ಸುಮ್ಮನಾಯಿತು. ನನಗೆ ಅದು ಕನ್ನಡದ ಅಸಲಿ ಅಂತ್ಯಕಾಲದ ಸಾಹಿತ್ಯ. ದಿನಾಂಕ ಹೇಳುವುದಿಲ್ಲ, ಮೃಗದ ಲೆಕ್ಕ ಇಲ್ಲ. ನೀರು ಎಷ್ಟು ಏರಿತು, ಯಾರು ಹೋದರು, ಯಾರು ಉಳಿದರು, ಅಷ್ಟೇ.

‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಸೌಂದರ್ಯ ತಾವೇ ನಿರ್ಮಿಸಿ ನಾಗಿಯ ಪಾತ್ರ ಮಾಡಿದರು, ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯೂ ಬಂತು. ಸುತ್ತಲಿನವರೆಲ್ಲ ಹೋದ ಮೇಲೂ ಗುಡ್ಡದ ಮೇಲೆ ಉಳಿದ ಒಂದು ಮನೆ. ಮುದುಕ ದುಗ್ಗಜ್ಜನಿಗೆ ಜಾಗ ಬಿಡಲು ಮನಸ್ಸಿಲ್ಲ. ಮಗ ಗಣಪನಿಗೆ ದೇವರ ಮೇಲೆ ಭಾರ. ಸೊಸೆ ನಾಗಿ ಮಾತ್ರ ದುಡಿಯುತ್ತಲೇ ಇರುತ್ತಾಳೆ. ನೀರು ಏರುತ್ತೆ, ಕೊನೆಗೆ ಮಳೆ ನಿಲ್ಲುತ್ತೆ, ಮನೆ ಉಳಿಯುತ್ತೆ. ಗಣಪ ಅದಕ್ಕೆ ದೇವರ ಕೃಪೆಯನ್ನು ಕೊಂಡಾಡುತ್ತಾನೆ. ನಾಗಿ ಮಾಡಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಸೌಂದರ್ಯ ಅಲ್ಲಿ ಮುಖದಲ್ಲಿ ಹಿಡಿದಿಟ್ಟ ಆ ಒಂದು ಕ್ಷಣವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಭಕ್ತಿಯನ್ನು ಬಯ್ಯುವ ಸಿನಿಮಾ ಅಂತ ಇದನ್ನು ಕೆಲವರು ಓದುತ್ತಾರೆ. ನಾನು ಒಪ್ಪಲ್ಲ. ನಂಬಿಕೆ ಮನೆಯಲ್ಲಿ ಇಬ್ಬರಿಗೂ ಇದೆ. ಒಬ್ಬನದ್ದು ಮಳೆ ನಿಂತ ಮೇಲೆ ಮಾತಾಡುತ್ತೆ, ಒಬ್ಬಳದ್ದು ಮಳೆ ಸುರಿಯುವಾಗ ಕೆಲಸ ಮಾಡುತ್ತೆ. ಮಾಲೇಕಲ್ಲಿನ ಸಾವಿರಕ್ಕೂ ಮಿಕ್ಕ ಮೆಟ್ಟಿಲನ್ನು ಆಷಾಢದ ತೇರಿಗೆ ಹತ್ತುವವರಲ್ಲೂ ಈ ಎರಡೂ ಜಾತಿಯವರು ಇದ್ದಾರೆ. ಹತ್ತುವಾಗ ಕಾಲು ನೋಯೋದು ಇಬ್ಬರಿಗೂ ಒಂದೇ.

ಶೆಟ್ಟಿಹಳ್ಳಿಯ ಚರ್ಚನ್ನು ಉಳಿಸಬೇಕು, ಜೀರ್ಣೋದ್ಧಾರ ಮಾಡಬೇಕು ಅನ್ನುವ ಕೂಗು ಕಮಾನು ಬಿದ್ದಾಗಲೆಲ್ಲ ಏಳುತ್ತೆ. ಉಳಿಸಲಿ, ಬೇಡ ಅನ್ನಲ್ಲ. ಆದರೆ ವರ್ಷಕ್ಕೆ ಅರ್ಧ ಕಾಲ ನೀರಲ್ಲಿರುವ ಸುಣ್ಣದ ಗೋಡೆಗೆ ಎಷ್ಟು ಸಿಮೆಂಟು ಮೆತ್ತಿದರೂ ಅದು ಹೋಗುವುದೇ. ಹೋಗಲೂ ಬಹುದು. ನನ್ನನ್ನು ಕೇಳಿದರೆ ಅಲ್ಲಿ ಮೊದಲು ಬೇಕಾಗಿರುವುದು ನೀರು ಮುಟ್ಟದ ಎತ್ತರದಲ್ಲಿ ಒಂದು ಕಲ್ಲು. ಹೊಯ್ಸಳರ ಸೀಮೆಯಲ್ಲಿ ಕಲ್ಲು ಕೆತ್ತುವವರಿಗೆ ಬರ ಇಲ್ಲ. ಯೋಹಾನ ಏಳು ಊರುಗಳ ಹೆಸರು ಬರೆದ ಹಾಗೆ, ಹೇಮಾವತಿಯ ಹಿನ್ನೀರಲ್ಲಿ ಮುಳುಗಿದ ಊರುಗಳ ಹೆಸರನ್ನು, ಅಲ್ಲಿಂದ ಜನ ಎಲ್ಲಿಗೆ ಹೋದರು ಅನ್ನುವುದರ ಸಮೇತ, ಒಂದೊಂದಾಗಿ ಅದರ ಮೇಲೆ ಬರೆಯಬೇಕು. ಡ್ರೋನಿಗೆ ಅದು ಕಾಣದಿದ್ದರೂ ಪರವಾಗಿಲ್ಲ.